ಪೆಟ್ಟಿಗೆಯೊಳಗೆ ನಿಂತ ಜೋಡಿ

ಕೆ.ಆರ್. ಪೇಟೆ ತಾಲ್ಲೂಕಿನ ಮದುವೆಮನೆಗಳಲ್ಲಿ ಮದುಮಗ ಪುರೋಹಿತರ ಮಾತನ್ನು ಮೀರಿದರೂ ಮೀರಬಹುದಿತ್ತು, ಹೇಮಾವತಿ ಸ್ಟುಡಿಯೋದ ಚಿಕ್ಕಸ್ವಾಮಿಯ ಮಾತನ್ನು ಮೀರುವಂತಿರಲಿಲ್ಲ. “ತಾಳಿ ಅಂಗೇ ಇಡ್ಕೊಳಪ್ಪಾ, ಗಂಟಾಕ್ಬ್ಯಾಡ, ಇತ್ಲಾಗ್ ನೋಡು” ಎಂದು ಅವನು ಕೂಗಿದನೆಂದರೆ ವಾಲಗದವರು ಗಟ್ಟಿಮೇಳವನ್ನು ಇನ್ನೊಂದು ಸುತ್ತು ಎಳೆಯುತ್ತಿದ್ದರು. ಮುಹೂರ್ತ ಪಂಚಾಂಗದಲ್ಲಿ ಮುಗಿದಿದ್ದರೂ ಕ್ಯಾಮೆರಾದಲ್ಲಿ ಮುಗಿದಿರುತ್ತಿರಲಿಲ್ಲ. ಹೀಗಾಗಿ ತನ್ನ ಒಪ್ಪಿಗೆಯಿಲ್ಲದೆ ಈ ಸೀಮೆಯಲ್ಲಿ ಸಂಸಾರಗಳು ಶುರುವಾಗುವುದಿಲ್ಲ ಎಂಬ ಭಾವನೆ ಅವನಲ್ಲಿ ಬೆಳೆದು, ನಡೆಯುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು. ಹೊಟ್ಟೆಯೂ ಬಂದಿತ್ತು, ಅದು ಮದುವೆಯೂಟದ್ದು.

ಅವನ ನಿಜವಾದ ಕೈಚಳಕ ಇದ್ದದ್ದು ಮುಯ್ಯಿಯ ಹೊತ್ತಿನಲ್ಲಿ. ಉಡುಗೊರೆ ಕೊಟ್ಟವರೆಲ್ಲ ಗಂಡುಹೆಣ್ಣಿನ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳಬೇಕು. ಒಬ್ಬರನ್ನು ಬಿಟ್ಟರೂ ಎರಡು ಮನೆಗಳ ನಡುವೆ ಹೋಗಿಬರುವುದು ನಿಲ್ಲುತ್ತದೆ. ಅಷ್ಟು ಜನಕ್ಕೂ ರೀಲು ಹಾಕುತ್ತ ಕೂತರೆ ಹೆಣ್ಣಿನ ಅಪ್ಪ ಗದ್ದೆ ಮಾರಬೇಕು. ಆದ್ದರಿಂದ ಹತ್ತಿರದ ನೆಂಟರಿಗೆ ಫಿಲಂ, ದೂರದವರಿಗೆ ಬರೀ ಫ್ಲ್ಯಾಶು. ಯಾರು ಹತ್ತಿರ, ಯಾರು ದೂರ ಎಂಬುದನ್ನು ಹೆಣ್ಣಿನ ಅಪ್ಪ ಮೂಲೆಯಲ್ಲಿ ನಿಂತು ಕಣ್ಸನ್ನೆಯಲ್ಲೇ ತಿಳಿಸುತ್ತಿದ್ದ. ಬೆಳಕು ಚಕ್ಕೆಂದು ಮುಖಕ್ಕೆ ಬಿದ್ದರೆ ಸಾಕು, ದೂರದ ನೆಂಟರು ಹೆಗಲ ಟವಲು ಸರಿಮಾಡಿಕೊಂಡು, ಚರಿತ್ರೆಗೆ ಸೇರಿಹೋದವರ ಗಾಂಭೀರ್ಯದಲ್ಲಿ ಊಟದ ಪಂಕ್ತಿಗೆ ನಡೆಯುತ್ತಿದ್ದರು.

ಈ ರಾಜ್ಯಭಾರ ತೊಂಬತ್ತೆಂಟರ ಕೊನೆಯವರೆಗೂ ಸುಸೂತ್ರವಾಗಿ ನಡೆಯಿತು. ಆಮೇಲೆ ಅವನ ಹೆಂಡತಿ ಪಾರ್ವತಮ್ಮನ ತಮ್ಮ ದಿಲೀಪ ಎದುರು ಸಾಲಿನಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಇನ್ನೊಂದು ಸ್ಟುಡಿಯೋ ತೆರೆದ. ಅವನ ಕ್ಯಾಮೆರಾಕ್ಕೆ ರೀಲೇ ಬೇಕಿರಲಿಲ್ಲ. ಕಂಪ್ಯೂಟರಿಗೆ ಹಾಕುವ ಚಪ್ಪಟೆ ಫ್ಲಾಪಿಯನ್ನು ಅದು ನುಂಗಿ, ಗೊರ್ರೆಂದು ಮೆಲುಕು ಹಾಕಿ, ಬೆನ್ನ ಮೇಲಿನ ಪುಟ್ಟ ಪರದೆಯಲ್ಲಿ ಚಿತ್ರವನ್ನು ಅಲ್ಲೇ ತೋರಿಸಿಬಿಡುತ್ತಿತ್ತು.

“ಭಾವ, ಇನ್ನು ಫಿಲಂ ತೊಳ್ಯೋ ಕತ್ಲೆಕ್ವಾಣೆ, ಹೈಪೋ ಔಷ್ದಿ ವಾಸ್ನೆ ಎಲ್ಲಾ ಮುಗೀತು. ನೀವೂ ಇಂತದ್ದೇ ಒಂದು ತಂದ್ಬುಡಿ” ಎಂದ ದಿಲೀಪ.

“ಫೋಟೋನೇನ್ಲಾ ಅದು? ಟೀವಿ ಕಣ್ಲಾ.”

“ಟೀವೀನೇ ಅನ್ಕೊಳಿ. ಜನ ಟೀವಿ ಮುಂದೆ ಕೂತ್ಕೋತಾರೋ, ಕತ್ಲೆಕ್ವಾಣೆ ಮುಂದೆ ಕೂತ್ಕೋತಾರೋ?”

ಒಳಗಿನಿಂದ ಪಾರ್ವತಮ್ಮನ ದನಿ ಬಂತು: “ನನ್ ತಮ್ಮ ಅಂತ ಏಳ್ತಿಲ್ಲ. ಅವ್ನ ಬುದ್ಧಿ ಚುರುಕು. ನಿಮ್ದೂ ಚುರುಕಾಗೇ ಇತ್ತು, ಮದ್ವೆ ಪಾಯ್ಸ ಉಂಡೂ ಉಂಡೂ ಮಂದವಾಯ್ತು.”

ಚಿಕ್ಕಸ್ವಾಮಿ ಸೋತ. ಅಂಥದ್ದೇ ಕ್ಯಾಮೆರಾ ನೋಡಿಬರಲು ಮೈಸೂರಿಗೆ ಹೊರಟ. ಆದರೆ ಅವನು ಮಾಡುವ ಕೆಲಸಕ್ಕೆಲ್ಲ ಒಬ್ಬ ಪ್ರೇಕ್ಷಕ ಬೇಕು. ಬಸ್ಸು ಪಾಂಡವಪುರ ದಾಟಿ ಶ್ರೀರಂಗಪಟ್ಟಣಕ್ಕೆ ಬಂದಾಗ, ಗಂಜಾಮಿನಲ್ಲಿ ಗಫಾರ್ ಸಾಬರಿದ್ದಾರಲ್ಲ, ತಾನು ಹೊಸ ಯುಗಕ್ಕೆ ಕಾಲಿಡುತ್ತಿರುವುದನ್ನು ಅವರಿಗೊಂದು ಮಾತು ಹೇಳಿಯೇ ಹೋಗೋಣವೆಂದು ಇಳಿದುಬಿಟ್ಟ. ಗಫಾರ್ ಸಾಬರು ಗುಂಬಜಿನ ಮುಂದೆ ನಿಂತು ಪ್ರವಾಸಿಗಳ ಫೋಟೋ ತೆಗೆಯುತ್ತಲೇ ಮುದುಕರಾದವರು. ಈಗ ಕಣ್ಣಿಗೆ ಪೊರೆ ಬಂದು, ಸಾಮಾನೆಲ್ಲ ಒಬ್ಬೊಬ್ಬರಿಗೆ ಕೊಡುತ್ತಿದ್ದರು.

ಚಿಕ್ಕಸ್ವಾಮಿ ಫ್ಲಾಪಿಯ ಮಹಿಮೆಯನ್ನು ವರ್ಣಿಸುವುದನ್ನು ಅವರು ಪೂರ್ತಿ ಕೇಳಿದರು. ಕೇಳಿ, “ಬಹುತ್ ಅಚ್ಛಾ. ಹೋಗೋಕೆ ಮುಂಚೆ ಒಂದ್ಸಲ ಇದರೊಳಗೆ ನೋಡ್ಕೊಂಡು ಹೋಗು ಮಿಯಾ” ಎಂದು ಬೀರುವಿನಿಂದ ಒಂದು ಕರಿಯ ಪೆಟ್ಟಿಗೆ ತೆಗೆದು, ಅವನನ್ನು ಹೊಳೆಯ ಸೋಪಾನಕ್ಕೆ ಕರೆದುಕೊಂಡು ಹೋದರು.

ಪೆಟ್ಟಿಗೆಗೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡುವುದಕ್ಕೆ, ಕೆಳಗಿನದು ಹಿಡಿಯುವುದಕ್ಕೆ. ಅಗಲ ಫಿಲಮಿನ ಹಳೆಯ ಕ್ಯಾಮೆರಾ. ಕಸುಬಿನವರು ಒನ್ ಟ್ವೆಂಟಿ ಎನ್ನುತ್ತಾರೆ. ಚಿಕ್ಕಸ್ವಾಮಿ ಕಸುಬಿಗೆ ಇಳಿಯುವ ಹೊತ್ತಿಗೆ ಎಲ್ಲರೂ ಅದನ್ನು ಅಟ್ಟಕ್ಕೆ ಹಾಕಿ ಸಣ್ಣ ರೀಲಿಗೆ ಬಂದಾಗಿತ್ತು. ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಬೇರೆ ಕ್ಯಾಮೆರಾದ ಹಾಗೆ ಕಣ್ಣಿಗೆ ಒತ್ತಿಕೊಂಡು ನೋಡುವಂತಿಲ್ಲ. ಹೊಟ್ಟೆಯ ಮುಂದೆ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ತಗ್ಗಿಸಿ ಒಳಗೆ ಇಣುಕಬೇಕು.

ಚಿಕ್ಕಸ್ವಾಮಿ ಇಣುಕಿದ.

ಮೂರು ಬೆರಳಗಲದ ಗಾಜಿನ ಮೇಲೆ ಕಾವೇರಿ ಹರಿಯುತ್ತಿತ್ತು. ಬಂಡೆಗೆ ತಾಗಿದ ನೀರು ನೊರೆಯಾಗುತ್ತಿತ್ತು, ನೊರೆಯ ಒಂದೊಂದು ಗುಳ್ಳೆಗೂ ಬಿಸಿಲು ಸಿಕ್ಕುತ್ತಿತ್ತು. ಬಟ್ಟೆ ಒಗೆಯುವ ಹೆಂಗಸು ಸೀರೆ ಕೊಡವಿದರೆ ಹನಿಗಳು ಗಾಜಿನಿಂದ ಈಚೆಗೆ ಬಂದು ಮುಖಕ್ಕೆ ತಾಗುತ್ತವೇನೋ ಎನ್ನಿಸಿ ಅವನು ಕಣ್ಣು ಮಿಟುಕಿಸಿದ. ಎಲ್ಲವೂ ಎಡಬಲ ಅದಲುಬದಲು. ಹೊಳೆ ಬಂದ ದಿಕ್ಕಿಗೇ ವಾಪಸು ಹರಿಯುತ್ತಿತ್ತು. ಅದೂ ಅವನಿಗೆ ತಪ್ಪೆನ್ನಿಸಲಿಲ್ಲ. ಇಷ್ಟು ವರ್ಷ ತಾನು ಲೋಕವನ್ನು ಕಿಟಕಿಯ ಸಂದಿಯಿಂದ ನೋಡಿ ಗುಂಡಿ ಒತ್ತುತ್ತಿದ್ದೆ, ಇಲ್ಲಿ ಲೋಕವೇ ಇಳಿದುಬಂದು ಅಂಗೈಯಲ್ಲಿ ಕೂತಿದೆ ಎಂದು ಅವನ ಮೈ ಜುಮ್ಮೆಂದಿತು. ತಲೆ ಎತ್ತಿ ಬರಿಗಣ್ಣಲ್ಲಿ ಹೊಳೆ ನೋಡಿದ. ಅದು ಯಾಕೋ ಸಪ್ಪೆಯಾಗಿತ್ತು. ಮತ್ತೆ ಬಗ್ಗಿದ.

“ಎಷ್ಟು ಬರ್ತವೆ ಸಾಬ್ರೆ ಒಂದು ರೀಲ್ಗೆ?”

“ಹನ್ನೆರಡು. ಹದಿಮೂರನೇದು ಬೇಕಂದ್ರೆ ಅಲ್ಲಾನ್ನೇ ಕೇಳ್ಬೇಕು. ನಿನ್ನಂಗೆ ಖಾಲಿ ಫ್ಲ್ಯಾಶ್ ಹೊಡೆಯೋರಿಗೆ ಇದು ಬರಕತ್ ಆಗಲ್ಲ, ಬ್ಯಾಡ ಬುಡು.”

ಬೇಡ ಬಿಡು ಎಂದ ಮೇಲೆ ಚಿಕ್ಕಸ್ವಾಮಿ ಬಿಡುವುದುಂಟೇ? ಮೈಸೂರು ಅವನು ಮುಟ್ಟಲೇ ಇಲ್ಲ. ಸಂಜೆಗೆ ಪೆಟ್ಟಿಗೆಯನ್ನು ಬಾಣಂತಿಯ ಕೂಸಿನಂತೆ ಟವಲಿನಲ್ಲಿ ಸುತ್ತಿ ಮನೆಗೆ ತಂದ.

“ಓಗಿದ್ದು ನಾಳೆದನ್ನ ತರಕ್ಕೆ, ತಂದಿದ್ದು ಮೊನ್ನೆದು” ಎಂದಳು ಪಾರ್ವತಮ್ಮ. ದಿಲೀಪ ಮಾತ್ರ ಮರ್ಯಾದಸ್ಥ. ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, “ಫ್ಲಾಪಿ ಎಲ್ಲಿ ಆಕ್ತೀರಿ ಭಾವ ಇದ್ಕೆ?” ಎಂದು ಕೇಳಿದ, ಅಷ್ಟೇ.

ಆ ಪೆಟ್ಟಿಗೆಗೆ ಗಿರಾಕಿಗಳೇ ಸಿಕ್ಕಲಿಲ್ಲ. ಹನ್ನೆರಡೇ ಫೋಟೋ ಎಂದರೆ ಮುಯ್ಯಿಯ ಸಾಲು ಎದ್ದು ಬಡಿಯುತ್ತದೆ. ಆದರೂ ಅವನು ದಿನಕ್ಕೊಮ್ಮೆಯಾದರೂ ಮುಚ್ಚಳ ತೆರೆದು ಇಣುಕದೆ ಇರುತ್ತಿರಲಿಲ್ಲ. ಬೀದಿಯ ಸೊಪ್ಪಿನ ಗಾಡಿ ಕಂಡಿತು, ಬಸ್ಸಿನ ಮೇಲೆ ಮೂಟೆ ಏರಿಸುವವನ ಬೆವರು ಕಂಡಿತು. ಒಲೆಯ ಮುಂದೆ ಪಾರ್ವತಮ್ಮ ಮುದ್ದೆ ತೊಳಸುತ್ತಿದ್ದಾಗ ಇಣುಕಿದರೆ, ಹಬೆಯ ನಡುವೆ ಅವಳ ಮೂಗುಬೊಟ್ಟು ಚುಕ್ಕಿಯ ಹಾಗೆ ಹೊಳೆದು, ಮದುವೆಯಾದಾಗಿನಿಂದ ಎದುರಿಗೇ ಇದ್ದವಳನ್ನು ಇವತ್ತು ಮೊದಲು ನೋಡುತ್ತಿರುವಂತೆ ಅವನು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ.

“ಅಡ್ಡ ಬೀಳೋದಾದ್ರೆ ಪೂರ್ತಿ ಬೀಳಿ. ಇದೇನು ಅರ್ಧಂಬರ್ಧ?” ಎಂದಳು ಅವಳು.

ಹೀಗಿರುವಾಗ ಒಂದು ದಿನ ಹೇಮಗಿರಿ ಕಡೆಯ ನಂಜಪ್ಪ ಸ್ಟುಡಿಯೋಕ್ಕೆ ಬಂದ. ನಂಜಪ್ಪನದು ದೊಡ್ಡ ಕುಳ. ಅವನ ಕಾಳ ಮತ್ತು ಸಿದ್ದ ಎಂಬ ಹಳ್ಳಿಕಾರ್ ಜೋಡಿ ಎಂದರೆ ಸುತ್ತಲ ಊರುಗಳಲ್ಲಿ ಗೊತ್ತಿಲ್ಲದವರಿರಲಿಲ್ಲ. ಹೇಮಗಿರಿಯ ದನಗಳ ಪರಿಷೆಗೆ ಅವನ್ನು ಪ್ರತಿವರ್ಷ ಹೊಡೆದುಕೊಂಡು ಹೋಗುತ್ತಿದ್ದ. ಮಾರುವುದಕ್ಕಲ್ಲ, ಮಾರುವುದಿಲ್ಲ ಎಂದು ಹೇಳುವುದಕ್ಕೆ. ಬೇರೆಯವರು ಟವಲಿನಡಿಯಲ್ಲಿ ಬೆರಳು ಹಿಡಿದು ಗುಟ್ಟಾಗಿ ವ್ಯಾಪಾರ ಮಾಡಿದರೆ, ಇವನು ಕಟ್ಟೆಯ ಮೇಲೆ ನಿಂತು ಯಾರೂ ಕೊಡಲಾರದಂಥ ಬೆಲೆಯನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಜನ ಬಾಯಿ ಮೇಲೆ ಬೆರಳಿಡುತ್ತಿದ್ದರು. ಆ ಬೆರಳುಗಳನ್ನು ನೋಡಿಕೊಂಡು ಅವನು ಮನೆಗೆ ಬರುತ್ತಿದ್ದ. ಈ ವರ್ಷವೂ ಕೂಗಿದ. ಬೆಳ್ಳೂರು ಕಡೆಯ ಸಾವ್ಕಾರನೊಬ್ಬ ಎಲೆಯಡಿಕೆ ಉಗಿದು ಬಂದು, “ಆಯ್ತು, ನಂಗಿರ್ಲಿ” ಎಂದುಬಿಟ್ಟ.

ಅಷ್ಟು ಜನರ ಮುಂದೆ ಆಡಿದ ಮಾತು. ಹಿಂದಕ್ಕೆ ತೆಗೆದುಕೊಂಡರೆ ನಂಜಪ್ಪ ನಂಜಪ್ಪನಾಗಿ ಉಳಿಯುತ್ತಿರಲಿಲ್ಲ.

“ಸ್ವಾಮಣ್ಣ, ನಮ್ಮವ್ವ ಮಾತು ಬುಟ್ಟವ್ಳೆ” ಎಂದ ಅವನು, ಬೆಂಚಿನ ಮೇಲೆ ಕುಸಿದು.

“ಯಾರ್ ಕುಟೆ?”

“ನನ್ ಕುಟೆ. ಎಮ್ಮೆ ಕುಟೆ ಆಡ್ತಾಳೆ, ಒಲೆ ಕುಟೆ ಆಡ್ತಾಳೆ, ನನ್ ಕುಟೆ ಇಲ್ಲ. ‘ಮುದ್ದೆ ಆರೋಯ್ತದೆ ಅಂತ ಅವ್ನಿಗೇಳು’ ಅಂತ ಕಂಬಕ್ಕೆ ಏಳ್ತಾಳೆ. ಕಂಬ ಏನಂತದೆ? ನಾನೇ ಕೇಳ್ಸಕೊಂಡು ಓಗಿ ಉಣ್ಬೇಕು.”

ಅವನ ತಾಯಿ ಚಿಕ್ಕಬೋರಮ್ಮ ಆ ಎರಡನ್ನೂ ಕರುವಾಗಿದ್ದಾಗಿನಿಂದ ಕೈತುತ್ತು ಹಾಕಿ ಸಾಕಿದವಳು. ಬುಧವಾರ ಸಾವ್ಕಾರ ಬಂದು ಹೊಡೆದುಕೊಂಡು ಹೋಗುತ್ತಾನೆ. ಅಷ್ಟರೊಳಗೆ ಒಂದು ದೊಡ್ಡ ಫೋಟೋ ಆಗಬೇಕು, ಪಡಸಾಲೆಯ ಗೋಡೆ ತುಂಬುವಂಥದ್ದು, ಅವ್ವ ಎದ್ದರೆ ಕೂತರೆ ಎದುರಿಗೆ ಎತ್ತುಗಳು ಕಾಣಬೇಕು. ಆಗಲಾದರೂ ಅವಳು ಬಾಯಿಬಿಟ್ಟಾಳು. ಇದು ನಂಜಪ್ಪನ ಲೆಕ್ಕಾಚಾರ. ಮೊದಲು ದಿಲೀಪನ ಹತ್ತಿರ ಹೋಗಿದ್ದನಂತೆ. ದಿಲೀಪ ಚಿತ್ರ ಹಿಡಿದು, ಮೈಸೂರಿಗೆ ಕಳಿಸಿ ಗೋಡೆಯಗಲಕ್ಕೆ ಮಾಡಿಸಿಯೂ ಕೊಟ್ಟಿದ್ದ.

“ದೂರ ನಿಂತ್ರೆ ಎತ್ತು, ಹತ್ರ ಓದ್ರೆ ಚೌಕಳಿ ಪಂಚೆ. ನಮ್ಮವ್ವ ಸುಳಿ ಎಲ್ಲೈತೆ ಅಂತ ಕೈಯಾಡಿಸ್ತಾ ಆಡಿಸ್ತಾ ಇದ್ದು, ಸುತ್ತಿ ಮೂಲೇಗಿಟ್ಬುಟ್ಲು.”

ಸುಳಿ ಎಂದರೆ ದನದ ಮೈಮೇಲೆ ಕೂದಲು ಸುತ್ತಿಕೊಂಡ ಗುರುತು. ಅದು ಎಲ್ಲಿದೆ, ಯಾವ ಕಡೆಗಿದೆ ಎಂದು ನೋಡಿಯೇ ಈ ಸೀಮೆಯಲ್ಲಿ ಎತ್ತಿನ ಶುಭ, ಅಶುಭ ಹೇಳುವುದು. ಕಾಳನಿಗೆ ಎಡಹೆಗಲ ಮೇಲೆ ಒಂದು ಒಳ್ಳೆಯ ಸುಳಿ ಇತ್ತು. ಚಿಕ್ಕಬೋರಮ್ಮ ಹಬ್ಬದ ದಿನ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು.

ಚಿಕ್ಕಸ್ವಾಮಿ ನಿಧಾನವಾಗಿ ಎದ್ದ. ಇಂಥದೊಂದು ಗಳಿಗೆಗಾಗಿಯೇ ತಾನು ಹುಟ್ಟಿದ್ದು ಎಂಬ ಮುಖ ಮಾಡಿಕೊಂಡು ಟವಲು ಬಿಚ್ಚಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. “ಗೌಡ್ರೆ, ಸುಳಿ ಏನು, ಸುಳೀಲಿರೋ ಕೂದ್ಲು ತೋರಿಸ್ತೀನಿ. ಎಣಿಸ್ಕೊಳ್ಳೋರು ಎಣಿಸ್ಕೋಬೋದು. ಸೋಮ್ವಾರ ಬತ್ತೀನಿ.”

ಸೋಮವಾರ ಬಸವನ ವಾರ, ಎತ್ತಿಗೆ ನೊಗ ಇಡುವುದಿಲ್ಲ. ಎರಡನ್ನೂ ಮೀಯಿಸಿ, ಕೊಂಬು ಒರೆಸಿ ಮನೆಯ ಮುಂದೆ ನಿಲ್ಲಿಸಿದ್ದರು. ನೊಗದಲ್ಲಿ ನಿಲ್ಲುವ ಹಾಗೆಯೇ ಎಡಕ್ಕೆ ಕಾಳ, ಬಲಕ್ಕೆ ಸಿದ್ದ. ಆ ಕಡೆಯದನ್ನು ಈ ಕಡೆ ಕಟ್ಟಿದರೆ ಎರಡೂ ಹೆಜ್ಜೆ ಕೀಳುತ್ತಿರಲಿಲ್ಲವಂತೆ. ಚಿಕ್ಕಸ್ವಾಮಿ ಪೆಟ್ಟಿಗೆಯನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಚ್ಚಳ ತೆರೆದು, ತಲೆ ತಗ್ಗಿಸಿದ. ಪೇಟೆಯ ಫೋಟೋದವನೇ ತನ್ನ ಎತ್ತಿನ ಮುಂದೆ ಬಗ್ಗಿ ನಿಂತಿದ್ದನ್ನು ಯಾರ್ಯಾರು ಗಮನಿಸಿದರು ಎಂದು ನಂಜಪ್ಪ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡ.

ಚಿಕ್ಕಸ್ವಾಮಿಗೆ ನಂಜಪ್ಪ ಕಾಣುತ್ತಿರಲಿಲ್ಲ. ಅವನಿಗೆ ಯಾರೂ ಕಾಣುತ್ತಿರಲಿಲ್ಲ. ಗಾಜಿನ ಮೇಲೆ ಎರಡು ಎತ್ತು ನಿಂತಿದ್ದವು, ಅಷ್ಟೇ. ಬೂದಿಬಣ್ಣದ ಮೈಮೇಲೆ ಬಿಸಿಲು ರೇಷ್ಮೆಯ ಹಾಗೆ ಜಾರುತ್ತಿತ್ತು. ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬುಗಳು, ಒದ್ದೆ ಮೂತಿ, ನೊಣ ಕೂತ ಕಡೆ ಮಾತ್ರ ನಡುಗುವ ಚರ್ಮ. ಸಿದ್ದ ಉಸಿರು ಬಿಟ್ಟರೆ ಮುಂದಿನ ಧೂಳು ಚೂರೇ ಅಲ್ಲಾಡಿದ್ದೂ ಕಾಣುತ್ತಿತ್ತು. ಅವನು ನೋಡಿದ, ನೋಡಿದ, ಗುಂಡಿ ಒತ್ತುವುದನ್ನೇ ಮರೆತ. ಆ ಗಾಜಿನ ಎತ್ತುಗಳೇ ಅವನ ತಲೆಯಲ್ಲಿ ಅಚ್ಚೊತ್ತಿಕೊಂಡವು.

“ಇನ್ನೂ ಎಷ್ಟೊತ್ತು ಸಾಮಿ ಪೂಜೆ?” ಎಂದು ಪಕ್ಕದ ಮನೆಯ ಮುದುಕ ಮುದ್ದಯ್ಯ ಕೇಳಿದ ಮೇಲೆ ಎಚ್ಚರವಾಗಿ ಒತ್ತಿದ.

ಬುಧವಾರ ಸಾವ್ಕಾರ ಬಂದ. ಚಿಕ್ಕಬೋರಮ್ಮ ಎತ್ತುಗಳ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಬೆಲ್ಲ ಅಕ್ಕಿ ತಿನ್ನಿಸಿ, ಮಗನ ಕಡೆ ತಿರುಗದೆ ಒಳಗೆ ಹೋದಳಂತೆ. ಕೊಟ್ಟಿಗೆಯಲ್ಲಿ ಗೂಟಗಳು ಮಾತ್ರ ಉಳಿದವು.

ಇತ್ತ ಚಿಕ್ಕಸ್ವಾಮಿಯ ಕತ್ತಲೆಕೋಣೆಯಲ್ಲಿ ಅಷ್ಟು ದೊಡ್ಡ ಚಿತ್ರಕ್ಕೆ ಜಾಗವೆಲ್ಲಿ? ನಡುಮನೆಯ ಕಿಟಕಿಗಳಿಗೆ ಕಂಬಳಿ ಹೊಡೆದ. ಚಿತ್ರ ದೊಡ್ಡದು ಮಾಡುವ ಎನ್ಲಾರ್ಜರಿನ ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿದ. ನೆಲದ ಮೇಲೆ ಹಲಗೆ ಜೋಡಿಸಿ, ನೀಲಿ ಟಾರ್ಪಾಲು ಹಾಸಿ, ಔಷಧಿ ನೀರು ತುಂಬುವ ತೊಟ್ಟಿ ಮಾಡಿಕೊಂಡ. ಬೆಂಗಳೂರಿನಿಂದ ತರಿಸಿದ ಸುರುಳಿ ಕಾಗದ ಎರಡು ಚಿತ್ರಕ್ಕೆ ಆಗುವಷ್ಟಿತ್ತು. ಆ ಅಳತೆಯದು ಇನ್ನು ಸಿಕ್ಕುವುದಿಲ್ಲ ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

ನೆಗೆಟಿವನ್ನು ಕಸುಬಿನ ರೀತಿಯಲ್ಲೇ ಹಾಕಿ ದೀಪ ಬಿಟ್ಟ. ಗೋಡೆಯ ಮೇ‌ಲೆ ಎತ್ತುಗಳು ಬಿದ್ದವು, ಬೆಳ್ಳಗಿದ್ದದ್ದು ಕರ್ರಗೆ, ಕರ್ರಗಿದ್ದದ್ದು ಬೆಳ್ಳಗೆ. ನೋಡಿದ. ಏನೋ ಹಿಡಿಸಲಿಲ್ಲ. ತಾನು ಅಷ್ಟು ಹೊತ್ತು ಕಣ್ತುಂಬ ನೋಡಿದ ಜೋಡಿ ಹೀಗಿರಲಿಲ್ಲ. “ಉಲ್ಟಾ ಬಿದ್ದೈತೆ” ಎಂದುಕೊಂಡು ನೆಗೆಟಿವ್ ಮಗುಚಿ ಹಾಕಿದ. ಈಗ ಸರಿ! ಎದುರಿಗಿದ್ದವು ಥೇಟು ಅವೇ. ಕೈ ಬೇಡ ಎಂದದ್ದನ್ನು ಕಣ್ಣು ಮಾಡಿಸಿತು. ಕಾಗದ ತೊಟ್ಟಿಯಲ್ಲಿ ತೊಳೆದು ಬಂದಾಗ ಅದರ ಅಂದಕ್ಕೆ ಸೋತು ಪಾರ್ವತಮ್ಮ ಕೂಡ ಒಲೆ ಬಿಟ್ಟು ಬಂದು ನಿಂತಳು. ಶುಕ್ರವಾರ ಅದನ್ನು ಸುತ್ತಿ, ಕ್ಯಾಮೆರಾವನ್ನೂ ಹೆಗಲಿಗೆ ಹಾಕಿಕೊಂಡು, ಮೆರವಣಿಗೆಯಿಲ್ಲದ ಮೆರವಣಿಗೆಯಲ್ಲಿ ಚಿಕ್ಕಸ್ವಾಮಿ ಹಳ್ಳಿಗೆ ಹೋದ.

ಪಡಸಾಲೆಯಲ್ಲಿ ಚಿತ್ರ ಬಿಚ್ಚಿ ಗೋಡೆಗೆ ಹೊಡೆದರು. ನೆರೆದವರು ಹತ್ತಿರ ಸರಿದರು.

“ಕೂದ್ಲು ಕೂದ್ಲೂ ಕಾಣ್ತದಲ್ಲಾ ಲೇ.”

“ಕೊಂಬಿನ್ ಮ್ಯಾಲಿನ ಗೀಟು ನೋಡ್ಲಾ.”

“ಸುಮ್ಕಿರ್ಲಾ, ತಿರುಗಿ ನೋಡ್ಬುಡ್ತವೆ.”

ನಂಜಪ್ಪ ಗೋಡೆಗೆ ಬೆನ್ನು ಕೊಟ್ಟು ಅವ್ವನ ಮುಖವನ್ನೇ ನೋಡುತ್ತಿದ್ದ. ಚಿಕ್ಕಬೋರಮ್ಮ ಹತ್ತಿರ ಬಂದಳು. ಮೂತಿ ಮುಟ್ಟಿದಳು, ಕಿವಿ ಮುಟ್ಟಿದಳು. ಬೆರಳು ಹೆಗಲಿಗೆ ಹೋಗಿ, ಸುಳಿಯನ್ನು ಕಂಡು, ಅಲ್ಲೇ ನಿಂತಿತು. ಕೈಯನ್ನು ಬೆಂಕಿ ತಾಗಿದವಳಂತೆ ಹಿಂದಕ್ಕೆ ತೆಗೆದುಕೊಂಡಳು.

“ಇವು ನಮ್ಮವಲ್ಲ.”

“ಅವ್ವಾ, ಇವೇ ಕನವ್ವಾ!” ಎಂದ ನಂಜಪ್ಪ.

ಅವಳು ಕಂಬದ ಕಡೆ ತಿರುಗಿದಳು. “ಏಳು ಅವ್ನಿಗೆ. ಸುಳಿ ಬಲಗಡೆ ಐತೆ. ಅದು ಮನೆ ಹಾಳು ಸುಳಿ. ನಮ್ ಕಾಳಂದು ಎಡಗಡೆ. ಅಲ್ದೆ ಸಿದ್ದನ್ ಜಾಗದಾಗೆ ಕಾಳ ನಿಂತವ್ನೆ. ನಮ್ಮವು ಅಂಗೆ ನಿಲ್ಲೋ ಜಾತಿಯವೇ?”

ಎಲ್ಲರೂ ಮತ್ತೊಮ್ಮೆ ನೋಡಿದರು. ಹೌದು. ಇಷ್ಟು ಹೊತ್ತು ಏನೋ ಕಿರಿಕಿರಿಯಾಗುತ್ತಿದ್ದದ್ದು ಅದೇ. ಆಮೇಲೆ ಕೇಳಬೇಕೇ, ಪಡಸಾಲೆ ವಿಧಾನಸಭೆಯಾಯಿತು. ಒಬ್ಬ, ಎತ್ತು ಊರು ಬಿಟ್ಟಿದ್ದರಿಂದ ಫೋಟೋದಲ್ಲೂ ದಿಕ್ಕು ತಪ್ಪಿವೆ ಎಂದ. ಮುದ್ದಯ್ಯ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: “ಆ ಪೆಟ್ಗೆಗೆ ಎರಡ್ ಕಣ್ಣು. ಒಂದ್ ಕಣ್ಣು ಕಾಳನ್ನ ನೋಡೈತೆ, ಇನ್ನೊಂದು ಸಿದ್ದನ್ನ. ಒಳೀಕೋದ್ಮೇಲೆ ಅದಲುಬದಲಾಗ್ಬುಟ್ಟವೆ.”

ಚಿಕ್ಕಸ್ವಾಮಿಯ ಮುಖ ಕೆಂಪಾಯಿತು. ತಾಳಿ ಕಟ್ಟುವ ಕೈಯನ್ನೇ ತಡೆದು ನಿಲ್ಲಿಸಿದವನ ಮೇಲೆ ಅನುಮಾನವೇ? “ಯಂತ್ರ ಸುಳ್ಳೇಳಲ್ಲ ಗೌಡ್ರೆ! ಇದ್ದದ್ದನ್ನ ಇದ್ದಂಗೇ ತೋರಿಸ್ತದೆ. ಬೇಕಾದ್ರೆ ನೋಡಿ” ಎಂದು ಪೆಟ್ಟಿಗೆಯನ್ನು ಚಿತ್ರದ ಮುಂದೆ ಹಿಡಿದು, ಮುಚ್ಚಳ ತೆರೆದು, ರೋಷದಿಂದ ತಲೆ ತಗ್ಗಿಸಿದ.

ತಗ್ಗಿಸಿದ ತಲೆ ಮೇಲೆ ಬರಲಿಲ್ಲ. ಗಾಜಿನೊಳಗೆ ಕಾಳ ಕಾಳನ ಜಾಗದಲ್ಲಿದ್ದ, ಸಿದ್ದ ಸಿದ್ದನ ಜಾಗದಲ್ಲಿದ್ದ.

“ಏನೈತಪ್ಪಾ ಒಳಗೆ?” ಎಂದಳು ಚಿಕ್ಕಬೋರಮ್ಮ.

ಅವನು ಪೆಟ್ಟಿಗೆಯನ್ನು ಚಿತ್ರಕ್ಕೆ ಮುಖ ಮಾಡಿ ಒಂದು ಸ್ಟೂಲಿನ ಮೇಲಿಟ್ಟು ಪಕ್ಕಕ್ಕೆ ಸರಿದ. ಅವಳ ನಡು ಮೊದಲೇ ಬಾಗಿತ್ತು. ಪೆಟ್ಟಿಗೆಯೊಳಗೆ ನೋಡಲು ಹೇಳಿ ಮಾಡಿಸಿದ ಎತ್ತರ. ಇಣುಕಿದಳು. ಸೆರಗಿನಿಂದ ಗಾಜಿಗೆ ನೆರಳು ಮಾಡಿಕೊಂಡಳು. ಆಮೇಲೆ ಅವಳ ದನಿ ಒಳಗಿನಿಂದ ಬಂದಂತೆ ಕೇಳಿತು. “ಅಯ್ಯೋ ನನ್ನಪ್ಪಾ, ಇಲ್ಲೇ ಅವಲ್ಲಾ ನಮ್ಮವು!”

ಊರಿಗೆ ಊರೇ ಸಾಲು ನಿಂತಿತು. ಗಂಡಸರು ಟವಲು ಕೈಗೆ ತೆಗೆದುಕೊಂಡು, ಹೆಂಗಸರು ಸೆರಗು ಹೊದ್ದು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಗೋಡೆಯ ಮೇಲೆ ತಪ್ಪಾಗಿ ನಿಂತ ಎತ್ತುಗಳು ಪೆಟ್ಟಿಗೆಯೊಳಗೆ ಸರಿಯಾಗಿ ನಿಂತಿದ್ದವು. ಯಾರೂ ನಗಲಿಲ್ಲ. ಮುದ್ದಯ್ಯ ಎರಡನೆಯ ಸಲ ಸಾಲಿಗೆ ಬಂದ.

ಚಿಕ್ಕಸ್ವಾಮಿ ಜಗಲಿಯ ಮೂಲೆಯಲ್ಲಿ ಕೂತಿದ್ದ. ಗಾಜು ಎಡಬಲ ತಿರುಗಿಸಿ ತೋರಿಸುತ್ತದೆ ಎಂಬುದು ಗಂಜಾಮಿನಲ್ಲೇ ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೂ, ಅದರ ಚೆಲುವಿಗೆ ಸೋತು, ಗಾಜಿನದೇ ನಿಜ, ಲೋಕದ್ದೇ ಉಲ್ಟಾ ಎಂದು ನೆಗೆಟಿವ್ ಮಗುಚಿ ಹಾಕಿದ್ದ. ಸಣ್ಣ ರೀಲಿನವನು ಮಾಡುವ ತಪ್ಪಲ್ಲ ಇದು. ಅವನು ಯಾವುದನ್ನೂ ಅಷ್ಟು ಹೊತ್ತು ನೋಡುವುದೇ ಇಲ್ಲ.

“ತಪ್ಪು ಪೆಟ್ಗೇದಲ್ಲ ಅಜ್ಜಮ್ಮ, ನಂದು. ಇನ್ನೊಂದು ತೆಗೆಯೋಷ್ಟು ಕಾಗದ ಐತೆ. ಒಂದೇ ಒಂದು” ಎಂದ.

“ಒಳಗಡೆ ಸರಿಯಾಗೇ ಅವೆ” ಎಂದಳು ಚಿಕ್ಕಬೋರಮ್ಮ. “ಈಚೆಗೆ ತರೋವಾಗ ಎಡವಟ್ ಮಾಡ್ಕೊಂಡಿದ್ದೀಯ. ಈ ಸರ್ತಿ ನನ್ ಕಣ್ಮುಂದೆ ಈಚೆಗೆ ತಾ.” ಆಮೇಲೆ ಕಂಬಕ್ಕೆ ಹೇಳಿದಳು: “ನಾಳಿಕೆ ಹಾಲಿನ ವ್ಯಾನ್ನಾಗೆ ಪ್ಯಾಟೆಗೆ ಓಗ್ಬೇಕು. ಬರೋನು ಬರ್ಲಿ.”

ಮರುದಿನ ಪಾರ್ವತಮ್ಮ ಮತ್ತೆ ನಡುಮನೆ ಬಿಟ್ಟುಕೊಟ್ಟಳು. ಬಂದವರಿಗೆ ಕಾಫಿ ಕೊಟ್ಟು, ಹೊರಗೆ ಹೋಗುವ ಬದಲು ತಾನೂ ಬಾಗಿಲ ಹತ್ತಿರ ಕೂತಳು. ಹೊರಗೆ ಸುಡುಬಿಸಿಲು, ಒಳಗೆ ಕಂಬಳಿಗಳ ಕತ್ತಲೆಯಲ್ಲಿ ಒಂದು ಕೆಂಪು ದೀಪ. ಚಿಕ್ಕಸ್ವಾಮಿ ಕೊನೆಯ ಕಾಗದದ ಸುರುಳಿಯನ್ನು ಪಕ್ಕಕ್ಕೆ ತೆಗೆದಿಟ್ಟ. ಇದು ಕೆಟ್ಟರೆ ಮತ್ತೆ ಕಾಗದವಿಲ್ಲ. ಬೆಳ್ಳೂರಿಗೆ ಹೋಗಿ ಇನ್ನೊಮ್ಮೆ ಹಿಡಿಯೋಣವೆಂದರೆ, ಸಾವ್ಕಾರ ಅವನ್ನು ಮೂಗುದಾರ ಬದಲಿಸಿ, ಕೊಂಬು ಹೆರೆಸಿ ತನ್ನ ಹಾಗೆ ಮಾಡಿಕೊಂಡಾಗಿತ್ತೆಂದು ಸುದ್ದಿ ಬಂದಿತ್ತು. ಈ ಮನೆಯ ಕಾಳ ಸಿದ್ದ ಉಳಿದಿದ್ದದ್ದು ಆ ಮೂರು ಬೆರಳಗಲದ ಫಿಲಮಿನ ಚೂರಿನಲ್ಲಿ ಮಾತ್ರ.

ಗೋಡೆಯ ಮೇಲೆ ಕರಿಯ ಎತ್ತುಗಳು ಬಿದ್ದಾಗ ಅವನು ತನ್ನ ಕಣ್ಣನ್ನು ಕೇಳಲಿಲ್ಲ. “ಅಜ್ಜಮ್ಮ, ಇಂಗಾ, ಅಂಗಾ?” ಎಂದು ಎರಡು ಸಲ ತಿರುಗಿಸಿ ತೋರಿಸಿದ.

“ಇಂಗೆ” ಎಂದಳು ಅವಳು, ತಡವಿಲ್ಲದೆ. “ಮಸಿ ಬಳ್ದಂಗವೆ, ಆದ್ರೂ ನಮ್ಮವೇ.”

ಗೋಡೆಗೆ ಕಾಗದ ಹಚ್ಚಿ, ಬೆಳಕು ಹಾಯಿಸಿ, ಅದನ್ನು ತೊಟ್ಟಿಗೆ ಇಳಿಸಿ, ತೊಟ್ಟಿಯ ಒಂದು ಮೂಲೆಯ ಹಲಗೆಯನ್ನು ನಂಜಪ್ಪನ ಕೈಗೆ ಕೊಟ್ಟ. “ಮೆಲ್ಲಗೆ ಎತ್ತಿ ಇಳಿಸ್ತಾ ಇರಿ ಗೌಡ್ರೆ. ನೀರು ಆಡ್ಬೇಕು, ಅಷ್ಟೇ.” ಪರಿಷೆಯ ಕಟ್ಟೆಯ ಮೇಲೆ ನಿಂತು ಬೆಲೆ ಕೂಗುತ್ತಿದ್ದ ನಂಜಪ್ಪ ಮೊಣಕಾಲೂರಿ ಕೂತು, ತೊಟ್ಟಿಲು ತೂಗುವವನ ಹಾಗೆ ಹಲಗೆಯನ್ನು ಆಡಿಸತೊಡಗಿದ.

ನೀರಿನಡಿಯಲ್ಲಿ ಬರೀ ಬಿಳಿ. ಏನೂ ಇಲ್ಲ. ಎಲ್ಲರ ಉಸಿರು ಕೇಳುತ್ತಿತ್ತು. ಏನೂ ಇಲ್ಲದ ಆ ಬಿಳಿಯಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಎರಡು. ಮೈ ಇಲ್ಲ, ಮುಖ ಇಲ್ಲ, ಕೊಂಬಿಲ್ಲ. ನಾಲ್ಕು ಕಣ್ಣುಗಳು ಮಾತ್ರ ಬಂದು ನಿಂತು ನೀರಿನೊಳಗಿನಿಂದ ಇವರನ್ನು ನೋಡುತ್ತಿದ್ದವು. ಈ ಕಸುಬಿನಲ್ಲಿ ತಲೆ ನರೆತ ಚಿಕ್ಕಸ್ವಾಮಿಯೂ ತೊಟ್ಟಿಯ ಮೇಲೆ ಬಗ್ಗಿದ. ಎಷ್ಟು ಮುಖಗಳು ಹೀಗೆ ತನ್ನ ಕೈಕೆಳಗೆ ಮೂಡಿಬಂದಿದ್ದವು. ತಾನು ಒಂದನ್ನಾದರೂ ಬರಮಾಡಿಕೊಂಡಿದ್ದೆನೇ?

ಕೊಂಬಿನ ತುದಿ ಬಂತು. ಒದ್ದೆ ಮೂತಿ ಬಂತು. ಗೊರಸುಗಳು ಬಂದು ನೆಲ ಸಿಕ್ಕಿತು. ಆಮೇಲೆ ದೂರದಿಂದ ಮಂಜಿನಲ್ಲಿ ನಡೆದು ಬರುವಂತೆ ಮೈ ಬಂತು, ಒಂದೊಂದೇ ಕೂದಲಾಗಿ. ಎಡಹೆಗಲ ಮೇಲೆ ಸುಳಿ ಮೆಲ್ಲನೆ ಸುತ್ತಿಕೊಂಡಿತು.

“ಬಾ ಕಾಳ. ಬಾ ಸಿದ್ದ” ಎಂದಳು ಚಿಕ್ಕಬೋರಮ್ಮ. ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹುಲ್ಲು ಹಾಕುವಾಗ ಮಾಡುವ ಹಾಗೆ ನಾಲಿಗೆಯಲ್ಲಿ ಲೊಚಲೊಚ ಸದ್ದು ಮಾಡಿದಳು. ಬಾಗಿಲ ಹತ್ತಿರ ಪಾರ್ವತಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದು ಕೇಳಿತು. ನಂಜಪ್ಪ ಹಲಗೆ ಆಡಿಸುವುದನ್ನು ನಿಲ್ಲಿಸಿ, ಚೆನ್ನಾಗಿ ಕಾಣಲೆಂದು ಎದ್ದು, ತೊಟ್ಟಿಯ ಅಂಚಿಗೆ ಒತ್ತಿಕೊಂಡು ನಿಂತ. ಟಾರ್ಪಾಲು ಅವನ ಕಾಲಿನಡಿ ಚರಕ್ಕೆಂದು, ನೀರು ಒಂದು ಕಡೆಗೆ ವಾಲಿತು.

ಚಿಕ್ಕಬೋರಮ್ಮ ಕತ್ತು ತಿರುಗಿಸಿ ನೋಡಿದಳು. ಈ ಸಲ ಕಂಬದ ಕಡೆಗಲ್ಲ.

“ಸರ್ಕೊಳ್ಳಲಾ ನಂಜ. ಕಾಳನ್ ಕಾಲು ತುಳೀತಾ ಇದ್ದೀಯ.”

ನಂಜಪ್ಪ ತಟಕ್ಕನೆ ಹಿಂದೆ ಸರಿದು, ಗೋಡೆಗೆ ಒರಗಿ, “ಊಂ ಕನವ್ವಾ” ಎಂದ.